ಧುಪದಾಳದ ಉದ್ದಪ್ಪ

ದೊಡ್ಡ ಯುದ್ಧ ಮುಗಿದ ವರ್ಷದ ಶ್ರಾವಣ. ಬೆಲ್ಲದ ಬಾಗೇವಾಡಿಯಲ್ಲಿ ಮಧ್ಯಾಹ್ನದಿಂದಲೇ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಗುಡ್ಡವ್ವಜ್ಜಿಯ ಪಡಸಾಲೆಯಲ್ಲಿ ನಾವು ನಾಲ್ಕಾರು ಮಂದಿ ಪುಂಡಿನಾರಿನ ಹಗ್ಗ ಹೊಸೆಯುತ್ತ ಕುಳಿತಿದ್ದೆವು. ಅಜ್ಜಿ ಹಾಡುಗಾರ ಮಾಯಪ್ಪನ ತಂಗಿ. ಅವನ ಮೇಳದಲ್ಲಿ ತುಂತುಣಿ ಹಿಡಿದು ಹಿಮ್ಮೇಳ ಹಾಡಿದವಳು. ದೆವ್ವವೆಲ್ಲ ಸುಳ್ಳು ಎಂದು ನಮ್ಮಲ್ಲೊಬ್ಬ ನಕ್ಕದ್ದೇ ತಡ, ಆಕೆ ಎಲೆ ಅಡಿಕೆಯ ಚೀಲ ಪಕ್ಕಕ್ಕಿಟ್ಟಳು.

“ನಗು ತಮ್ಮಾ, ಹಲ್ಲ ಅದಾವಲ್ಲ, ನಗು... ನಮ್ಮಣ್ಣಗ ಯಾರೂ ಹಾಡ ಕಲಿಸ್ಲಿಲ್ಲ. ಕಲಿಯಾಕ ಹ್ವಾದಲ್ಲೆಲ್ಲಾ ನಮ್ಮ ಕುಲಾ ಕೇಳಿ ಅಂಗಳದ ಹೊರಗ ನಿಂದ್ರಿಸಿದ್ರು. ಮಂದಿ ಹೊಲದಾಗ ಎತ್ತಿನ ಹಿಂದ ಅಡ್ಡಾಡ್ಕೋತ ತಾನ ಪದಾ ಕಟ್ಟಿದ, ತಾನ ದಪ್ಪ ಬಾರಸೂದ ಕಲತ. ಅಂಥಾ ಪದಾ ಈ ಸೀಮಿಯೊಳಗ ಮತ್ಯಾರ ಕಟ್ಟ್ಯಾರ? ಆದ್ರ ಪದಾ ಹಾಡೂದಕ್ಕ ಒಂದ ಕಟ್ಟಳಿ ಐತಲ್ಲ, ಕಡೀ ನುಡಿಯೊಳಗ ಗುರುವಿನ ಹೆಸರ ಹೇಳಬೇಕು. ಮೂಡಲಗಿಯೊಳಗ ಎದರ ಮ್ಯಾಳದವರು ಕೇಳೇಬಿಟ್ರು... ನಿನ್ನ ಗುರು ಯಾರಪಾ, ಇಲ್ಲಂದ್ರ ದಪ್ಪ ಕೆಳಗ ಇಡು ಅಂತ. ಏನ ಮಾಡಬೇಕು? ಬಾಯಿಗೆ ಬಂದ ಹೆಸರ ಹಾಡಿದ, ‘ಧುಪದಾಳ ಉದ್ದಪ್ಪ ನನ್ನ ಗುರು’. ಆ ಹೆಸರಿನ ಹಾಡಗಾರ ಧುಪದಾಳದಾಗ ಯಾವನೂ ಇದ್ದಿದ್ದಿಲ್ಲ! ಮಂದಿ ಶಾಬಾಸ್ ಅಂದ್ರು.

ಮುಂದ ಎಲ್ಲಾ ಪದಕ್ಕೂ ಅದ ಹೆಸರ. ಎಲ್ಲಿ ಹೋದ್ರೂ ‘ಉದ್ದಪ್ಪನ ಪದಾ ಹಾಡೋ’ ಅನ್ನೋರು. ಅಣ್ಣನ ಹೊಟ್ಟಿ ಉರೀತಿತ್ತು... ಸಾಯೂದರಾಗ ಒಮ್ಮೆರ ನನ್ನ ಹೆಸರಿಟ್ಟ ಹಾಡಬೇಕವ್ವಾ ಅಂತಿದ್ದ.

ಒಂದಿನ ಗೋಕಾಕ ಸಂತಿಯೊಳಗ, ಹಾಡೂಹಗಲ, ಬಿಳೀ ರುಮಾಲಿನ ಮುದುಕೊಬ್ಬ ನನ್ನ ಬಾಜೂ ಬಂದ ಕುಂತ. ಪದಾ ಮುಗಿಯೂತನಕ ತಲಿ ತೂಗಿದ. ಯಾರ್ರಿ ನೀವು ಅಂದೆ. ‘ಪದಕ್ಕೊಮ್ಮೆ ಕರೀತೀರಿ, ಬಂದ್ರ ಯಾರು ಅಂತೀರಿ?’ ಅಂದ... ಸಿಟ್ಟಿಲ್ಲ, ಏನಿಲ್ಲ, ಊಟಾ ಆತೇನವ್ವಾ ಅಂದಂಗ ಅಂದ. ಅಣ್ಣನ್ನ ಕರದ ತಿರುಗಿ ನೋಡೂದರಾಗ ಅಂವ ಇಲ್ಲ.

ಅಣ್ಣ ಅಂಜಿದ, ಆದ್ರ ಹಟಾ ಬಿಡ್ಲಿಲ್ಲ. ಹುಕ್ಕೇರಿಯೊಳಗ ಕಡೀ ನುಡಿಗೆ ‘ಮಾಯಪ್ಪ ಕಟ್ಟಿದ ಪದಾ’ ಅನ್ನಾಕ ಬಾಯಿ ತೆರದ. ದನೀನ ಹೊಂಡಲಿಲ್ಲ. ನಮ್ಮ ಹಿಂದಿಂದ ಯಾರೋ ಉದ್ದಪ್ಪನ ಹೆಸರ ಹೇಳಿ ಪದಾ ಮುಗಿಸಿದ್ರು... ನಮ್ಮಣ್ಣನ ದನಿಯೊಳಗ! ಅವತ್ತ ಹೋದ ದನಿ ತಿರುಗಿ ಬರಲಿಲ್ಲ. ಮಾತಿಲ್ದನ ಸತ್ತ ನಮ್ಮಣ್ಣ.”

“ಮತ್ತ ಆ ಮುದುಕ ಎಲ್ಲಿ ಹ್ವಾದ, ಆಯಿ?” ನಕ್ಕವನೇ ಕೇಳಿದ. ಅವನ ಕೈಯಲ್ಲಿನ ಹಗ್ಗ ನಿಂತುಹೋಗಿತ್ತು.

“ಎಲ್ಲಿ ಹೋಗ್ತಾನ? ಅಣ್ಣನ ಪದಾ ಎಲ್ಲಾ ನನಗ ಬಾಯಿಪಾಠ ಅದಾವ. ಮೊನ್ನಿ ಧುಪದಾಳದ ಮ್ಯಾಳದವರು ಬಂದಿದ್ರಲ್ಲ, ಅವರು ಹಾಡಿದ್ದ ನಾ ಕೇಳಿದ್ದ ಇಲ್ಲ, ಹೊಸಾ ಪದಾ. ಯಾರ ಕಲಿಸಿದ್ರೋ ಅಂದೆ. ‘ಉದ್ದಪ್ಪಜ್ಜ ಕಲಿಸ್ಯಾರ್ರಿ, ಐತವಾರಕ್ಕೊಮ್ಮೆ ಬರ್ತಾರ’ ಅಂದ್ರು. ಬರೂ ಐತವಾರ ನನಗೂ ಬಾ ಅಂದಾರ... ಹೋಗಾಕಿ ನಾ. ಅಣ್ಣನ ದನಿ ಕೇಳಿ ಭಾಳ ವರ್ಷಾತು.”