ಉಡದ ಪಾಲಿಗೆ ಬಂದ ಹಕ್ಕಿ

ಪಶು ಆಸ್ಪತ್ರೆಯ ಬೆಂಚಿನ ಮೇಲೆ ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದ ಟೀಚರಮ್ಮನಿಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಇಬ್ಬರೂ ಮೃಗಾಲಯದವರು. ಭಾವ ದೈತ್ಯ ಉಡವನ್ನು ನೋಡಿಕೊಳ್ಳುವವನು, ಭಾಮೈದ ಹಕ್ಕಿಗಳನ್ನು. ಭಾಮೈದನ ತೊಡೆಯ ಮೇಲಿನ ಡಬ್ಬಿಯಲ್ಲಿ ರೆಕ್ಕೆ ಮುರಿದ ನವರಂಗ, ಬಣ್ಣಬಣ್ಣದ ಕಾಡುಹಕ್ಕಿ.

“ಡಾಕ್ಟ್ರು ಇದು ಉಳಿಯಲ್ಲ ಅಂದ್ರಲ್ಲೋ.”

“ಅಂದ್ರು.”

“ನಮ್ಮ ಉಡ ತಿಂಗಳಿಂದ ಏನೂ ಮುಟ್ಟಿಲ್ಲ. ಹಕ್ಕಿ ಹಾಕಿ ನೋಡಿ ಅಂತಾರೆ ಸಾಹೇಬ್ರು.”

“ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಆಗುತ್ತೆ, ಭಾವ.”

“ಗೊತ್ತು. ನಿಂದು ಹಾಡುತ್ತೆ, ಎಲ್ಲರಿಗೂ ಮುದ್ದು. ನಂದು ಸತ್ರೆ ಅಳೋಕೆ ನಾನೊಬ್ಬನೇ ಕಣೋ.”

ಹೊರಗೆ ಜೀಪು ಹಾರನ್ ಹೊಡೆಯಿತು. ಇಬ್ಬರೂ ಎದ್ದರು. ಭಾಮೈದ ಡಬ್ಬಿಯನ್ನು ಭಾವನ ಕೈಗಿಟ್ಟ.

“ನೀವೇ ಹಿಡ್ಕೊಳ್ಳಿ. ನನ್ನ ಕೈಲಿದ್ರೆ ದಾರಿಯುದ್ದಕ್ಕೂ ಹಾಡುತ್ತೆ.”