ಎಮ್ಮಿಗೂ ಸೋಮವಾರ

ಬರ್ರಿ, ಹತ್ರ ಬಂದು ಕುಂತು ಕೇಳ್ರಿ. ಯಾವ ಊರು ಅಂತ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ. ಆ ಊರಾಗ ಭರಮಪ್ಪ ಅಂತ ಒಬ್ಬಾಂವ, ಅವನ ಹೇಣ್ತಿ ಬಾಳವ್ವ. ಇಬ್ಬರೂ ಒಂದಿನ ಮಠದ ಅಜ್ಜಾರ ಕಾಲಿಗೆ ಬಿದ್ರು.

"ಸೋಮವಾರ ಒಂದು ಹೊತ್ತು ಉಪವಾಸ ಮಾಡ್ರಿ, ಶಿವನ್ನ ನೆನೀರಿ" ಅಂದ್ರು ಅಜ್ಜಾರು. ಅಷ್ಟೇ ಮಾತು.

ಬಾಳವ್ವ ಏನ್ ಮಾಡಿದ್ಲು? ತಾನು ಬಿಟ್ಟ ರೊಟ್ಟಿನ ಪಕ್ಕದ ಮನಿ ಮುದುಕಿಗೆ ಕೊಟ್ಟು ಸುಮ್ಮನಾದ್ಲು. ಭರಮಪ್ಪ ಸುಮ್ಮನಾಗೋ ಆಸಾಮಿನಾ? ಮೊದಲ ಸೋಮವಾರ ಮೂರೂ ಹೊತ್ತು ಬಿಟ್ಟ. ಎರಡನೇ ಸೋಮವಾರ ಮನಿ ಒಲಿಗೇ ನೀರು ಸುರುವಿದ. ಮೂರನೇ ಸೋಮವಾರ? ಕೇಳ್ರಿ ಇಲ್ಲಿ! ಮೊನ್ನೆ ಈದ ಎಮ್ಮಿ ಗಂಗಿ ಮುಂದಿನ ಮೇವು ಎಳಕೊಂಡ!

"ನಮ್ಮನಿ ಎಮ್ಮಿ ಅಂದಮ್ಯಾಲ ಅದೂ ಶಿವಭಕ್ತೇನ!"

"ಅಯ್ಯ, ಬಾಣಂತಿ ಐತ್ರಿ ಅದು! ಹಾಲು ಬತ್ತಿದ್ರ ಕರು ಉಳೀತೈತೇನ್ರಿ?"

"ಧರ್ಮದಾಗ ಬಾಯಿ ಹಾಕಬ್ಯಾಡ" ಅಂತ ಗದರಿ, ಕೊಟ್ಟಿಗಿ ಬಾಗಲಾಗ ಬಡಿಗಿ ಹಿಡಕೊಂಡು ಕುಂತ.

ಸಂಜಿಮಟ ಕರು ಒದರಿ ಒದರಿ ನೆಲ ಹಿಡೀತು. ಬಾಳವ್ವ ಮಠಕ್ಕ ಓಡಿದ್ಲು. ದಾರ್‍ಯಾಗ ಕೆಲವರು "ಭಕ್ತ ಅಂದ್ರ ಭರಮಪ್ಪ" ಅಂದ್ರು. ಕೆಲವರು "ಈ ಮಠದವರೇ ಜನರ ತಲಿ ಕೆಡಸ್ತಾರ" ಅಂದ್ರು. ಅಕಿ ನಿಲ್ಲದ ಹೋಗಿ ಅಜ್ಜಾರನ್ನ ಕರಕೊಂಡೇ ಬಂದ್ಲು.

ಎಮ್ಮಿ ಉಪವಾಸ ಐತಿ ಅಂತ ಕೇಳಿ ಅಜ್ಜಾರು ಹೊಟ್ಟಿ ಹಿಡಕೊಂಡು ನಕ್ರು. ಕರು ನೋಡಿದ್ರು, ನಗು ನಿಂತಿತು.

"ಭರಮಾ, ನಿನ್ನ ಹಸಿವು ನಿಂದು, ಶಿವಗ ಕೊಡು. ಗಂಗಿ ಹಸಿವು ನೀ ಹೆಂಗ ಕೊಡ್ತಿ? ಎದ್ದು ಮೇವು ಹಾಕು. ಇನ್ನ ಮ್ಯಾಲ ಅದೇ ನಿನ್ನ ವ್ರತ."

ಭರಮಪ್ಪಗ ಕಣ್ಣಾಗ ನೀರು ಬಂತು, ಕೆಟ್ಟವನಲ್ಲ ಪಾಪ. ಗಂಗಿ ತಿಂತು, ಮರುದಿನ ಕೆಚ್ಚಲಿಗೆ ಹಾಲು ಇಳೀತು, ಕರು ಬಾಲ ಎತ್ತಿ ಕುಣೀತು. ಕಥಿ ಮುಗೀತು ಅಂದ್ಕೊಂಡ್ರೇನು? ತಡೀರಿ!

ಮುಂದಿನ ಸೋಮವಾರ ಕೋಳಿ ಕೂಗೂಕಿಂತ ಮೊದಲ ಎದ್ದ ಭರಮಪ್ಪ. ಗಂಗಿಗೆ ಒಂದು ಬುಟ್ಟಿ ಮೇವು ಹಾಕಿದ, ಎರಡು ಬುಟ್ಟಿ ಹಾಕಿದ, ಮೂರು ಬುಟ್ಟಿ ಹಾಕಿದ. ಗಂಗಿ ಮಾರಿ ತಿರುವಿದ್ರೂ ಬಿಡವಲ್ಲ. ಅದರ ಮ್ಯಾಲ ಓಣಿ ಮಂದಿ ಕೊಟ್ಟಿಗಿಗೆಲ್ಲ ನುಗ್ಗಿ, "ನಿಮ್ಮ ಎಮ್ಮಿಗೆ ಇಷ್ಟೇನಾ? ಪಾಪಿಗಳಾ!" ಅಂತ ಜಗಳ ತೆಗೆದ.

ಬಾಳವ್ವ ಬಂದು ಅವನ ಕೈಯಾಗಿನ ಬುಟ್ಟಿ ಹಿಡಿದ್ಲು. "ಸಾಕು ಬಿಡ್ರಿ, ಹೊಟ್ಟಿ ಒಡದೀತು!"

"ಅಜ್ಜಾರು ಹೇಳ್ಯಾರ!"

"ನನಗೂ ಅವರೇ ಹೇಳಿದ್ದು, ಒಂದು ಹೊತ್ತು ಅಂದ್ರ ಒಂದೇ ಹೊತ್ತು ಬಿಟ್ಟೆ" ಅಂದ್ಲು ಬಾಳವ್ವ, ಬುಟ್ಟಿ ಕಸಕೊಂಡು ಒಳಗ ಹೋದ್ಲು.

ಅವರ ಮನ್ಯಾಗ ಹಾಲು ಉಕ್ಕಿತು, ನನ್ನ ಬಾಯಾಗ ಮಾತು ಮುಗೀತು. ಏಳ್ರಿ, ಉಣ್ಣೋಣು ನಡೀರಿ.