ದೀಪ ಮುಟ್ಟದ ಮಾಸ್ತರ, ಬಾಯಿ ಬಿಡದ ಸಾವ್ಕಾರ

ನಿನ್ನೆ ಪ್ರವಚನ ಮುಗಿದ ಮೇಲೆ ಮಠದ ಅಂಗಳದಲ್ಲಿ ನಿಂತು ಏನು ಗದ್ದಲ ಎಬ್ಬಿಸಿದಿರಿ ನೀವು! ಒಳಗೆ ಪ್ರಸಾದಕ್ಕೆ ಕೂತಿದ್ದ ನಾನು ಅರ್ಧಕ್ಕೇ ಕೈ ತೊಳೆದೆ. ದೇವರನ್ನು ನಂಬದವನಿಗೆ ನೀತಿ ಇರುತ್ತದೋ ಇಲ್ಲವೋ, ಇದು ನಿಮ್ಮ ಜಗಳ. ಇರುತ್ತದೆ ಅಂತ ನಾಲ್ಕು ಜನ, ಇರುವುದಿಲ್ಲ ಅಂತ ನಲವತ್ತು ಜನ. ಕೊನೆಗೆ ಯಾರದೋ ಅಂಗಿಯ ಗುಂಡಿ ಕಿತ್ತು ಬಂತಂತೆ. ನೀತಿಯ ಮೇಲೆ ವಾದ ಮಾಡಿ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿಯುವ ಮಹಾನುಭಾವರು ನೀವು, ನಿಮಗೆ ನಾನೇನು ಹೇಳಲಿ? ಇವತ್ತು ಹೇಳಬೇಕೆಂದು ಬೇರೆಯೇ ವಿಷಯ ಇಟ್ಟುಕೊಂಡು ಬಂದಿದ್ದೆ. ಅದು ಹಾಗೇ ಇರಲಿ. ಒಂದು ಕಥೆ ಹೇಳುತ್ತೇನೆ, ಕೇಳಿ.

ಒಂದು ಊರು. ಆ ಊರಿಗೊಬ್ಬ ಸಾವ್ಕಾರ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ನಾಳೆಯಿಂದ ಅವನ ಮನೆ ಹುಡುಕಲು ಹೊರಡುತ್ತೀರಿ, ಕಥೆ ಮರೆಯುತ್ತೀರಿ. ದೊಡ್ಡ ಮನೆ, ಕಿರಾಣಿ ಅಂಗಡಿ, ಹಣೆ ತುಂಬ ವಿಭೂತಿ. ದೈವಭಕ್ತ ನೋಡಿ, ಕಪಟ ಇಲ್ಲದ ದೈವಭಕ್ತ. ಪೂಜೆ ಆಗದೆ ನೀರು ಮುಟ್ಟುವವನಲ್ಲ. ಊರ ಗುಡಿಯ ಉಸ್ತುವಾರಿಯೂ ಅವನದೇ, ನ್ಯಾಯಕ್ಕೆ ಕೂರುವ ಹಿರಿಯರ ನಡುವೆ ಮೊದಲನೆಯ ಜಾಗವೂ ಅವನದೇ. ಒಂದೇ ಒಂದು ತಾಪತ್ರಯ. ಅದೇ ಊರಿನಲ್ಲಿ ಒಬ್ಬ ಮಾಸ್ತರ ಇದ್ದ.

ಮಾಸ್ತರ ದೇವರಿಲ್ಲ ಎನ್ನುವವನು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿರುವವನೂ ಅಲ್ಲ. ಶಾಲೆಯಿಂದ ನಿವೃತ್ತನಾದ ಮೇಲೆ ದಿನಾ ಸಂಜೆ ಗುಡಿಯ ಕಟ್ಟೆಗೇ ಬಂದು ಕೂತು ಪೇಪರ್ ಓದುತ್ತಿದ್ದ. ಅಲ್ಲಿ ಗಾಳಿ ಚೆನ್ನಾಗಿತ್ತು. ಸಾವ್ಕಾರ ಒಳಗೆ ಹೋಗುವಾಗ ಒಂದು ಮಾತು, ಹೊರಗೆ ಬರುವಾಗ ಒಂದು ಮಾತು.

"ದ್ಯಾವರು ಬ್ಯಾಡ, ದ್ಯಾವರ ಕಟ್ಟಿ ಮಾತ್ರ ಬೇಕೇನ್ರಿ ಮಾಸ್ತರ?"

"ಕಟ್ಟಿ ಗೌಂಡಿ ಕಟ್ಟ್ಯಾನ್ರಿ ಸಾವ್ಕಾರ್ರ. ಅಂವ ಇದ್ದಾನಂತ ನಂಬ್ತೀನಿ."

ಹೀಗೆ ಇಪ್ಪತ್ತು ವರ್ಷ. ಕೇಳುವವರಿಗೂ ಮಜಾ, ಆಡುವವರಿಗೂ ಮಜಾ. ಇಬ್ಬರಿಗೂ ಒಬ್ಬರಿಗೊಬ್ಬರು ಬೇಕಾಗಿತ್ತು, ಆದರೆ ಬಾಯಿಬಿಟ್ಟು ಹೇಳುವ ಪೈಕಿ ಇಬ್ಬರೂ ಅಲ್ಲ.

ಗುಡಿಯ ಕಸ ಗುಡಿಸಲು ಒಬ್ಬ ಮುದುಕಿ ಇದ್ದಳು. ಈಕೆಗೆ ಮಾತ್ರ ಹೆಸರು ಇಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಎಲ್ಲರೂ ಮರೆತದ್ದು ಈಕೆಯನ್ನೇ. ಬಾಳವ್ವ. ಗಂಡ ಇಲ್ಲ, ಮಕ್ಕಳಿಲ್ಲ. ಬೆಳಿಗ್ಗೆ ನಾಲ್ಕು ಮನೆಯಲ್ಲಿ ರೊಟ್ಟಿ ಬಡಿಯುವುದು, ಸಂಜೆ ಗುಡಿ ಗುಡಿಸುವುದು, ಅದರಲ್ಲೇ ಅವಳ ಬದುಕು. ಅವಳ ಕೈಯ ರೊಟ್ಟಿ ತಿಂದವರು ಬೇರೆ ರೊಟ್ಟಿ ಬಾಯಿಗೆ ಇಡುತ್ತಿರಲಿಲ್ಲ. ಸಾವ್ಕಾರನ ಮನೆಗೂ ಅವಳದೇ ರೊಟ್ಟಿ.

ಒಂದು ದಿನ ಬೆಳಿಗ್ಗೆ ಗುಡಿಯಲ್ಲಿ ಅಭಿಷೇಕದ ಬೆಳ್ಳಿ ತಂಬಿಗೆ ಕಾಣಲಿಲ್ಲ. ಪೂಜಾರಿ ಊರಲ್ಲಿರಲಿಲ್ಲ, ತಂಗಿಯ ಊರಿಗೆ ಮದುವೆಗೆ ಹೋಗಿದ್ದ. ಅವನ ಬದಲು ಪೂಜೆಗೆ ಬಂದವನು ಹುಡುಕಿದ, ಸಿಗಲಿಲ್ಲ. ಹಿಂದಿನ ಸಂಜೆ ಕೊನೆಗೆ ಒಳಗೆ ಹೋದವರು ಯಾರು? ಬಾಳವ್ವ. ಮುಗಿಯಿತಲ್ಲ! ಮಧ್ಯಾಹ್ನದ ಹೊತ್ತಿಗೆ ಇಡೀ ಊರಿಗೆ ಕಳ್ಳಿ ಸಿಕ್ಕಿಬಿಟ್ಟಿದ್ದಳು. ರೊಟ್ಟಿ ಬಡಿಯುತ್ತಿದ್ದ ಮೂರು ಮನೆಯವರು ನಾಳೆಯಿಂದ ಬರಬೇಡ ಎಂದರು. ಹಿರಿಯರು ಗುಡಿಯಲ್ಲಿ ಸೇರಿದರು.

ಆ ಊರಲ್ಲಿ ಒಂದು ಪದ್ಧತಿ. ಕಳವಿನ ಮಾತು ಬಂದರೆ ಆರೋಪ ಹೊತ್ತವರ ಆಣೆ ನಡೆಯುವುದಿಲ್ಲ. ಕಣ್ಣಾರೆ ಕಂಡವರು ಒಬ್ಬರು ಬಂದು ಗರ್ಭಗುಡಿಯ ಮುಂದಿನ ನಂದಾದೀಪ ಮುಟ್ಟಿ ಹೇಳಬೇಕು. ಹೇಳಿದರೆ ಅಲ್ಲಿಗೆ ನ್ಯಾಯ ಮುಗಿಯಿತು. ದೀಪ ಮುಟ್ಟದೆ ಆಡಿದ ಮಾತಿಗೆ ಬೆಲೆ ಇಲ್ಲ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಹಾಗೆಯೇ.

ಕಂಡವರು ಇದ್ದರು. ಯಾರು? ಮಾಸ್ತರ! ಕಟ್ಟೆಯ ಮೇಲೆ ಕೂತಿದ್ದನಲ್ಲ. ಎದ್ದು ನಿಂತು ಹೇಳಿದ. "ನಾ ಅಲ್ಲೇ ಇದ್ದೆ. ಬಾಳವ್ವ ಕಸ ಹೊಡದಳು, ಕದ ಹಾಕಿದಳು, ನನ್ನ ಕೂಡನಽ ಮನಿ ಕಡೆ ನಡದಳು. ಕೈಯಾಗ ಕಸಬರಿಗಿ ಬಿಟ್ಟು ಏನೂ ಇರಲಿಲ್ಲ."

ಸಾವ್ಕಾರನ ಎದೆ ಹಗುರವಾಯಿತು. ಬಾಳವ್ವ ಕದಿಯುವವಳಲ್ಲ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಸದ್ಯ, ಬಗೆಹರಿಯಿತು ಅಂದುಕೊಂಡ. "ಬರ್ರಿ ಮಾಸ್ತರ, ದೀಪ ಮುಟ್ಟಿ ಇಷ್ಟು ಹೇಳಿಬಿಡ್ರಿ" ಎಂದ.

"ದೀಪ ಯಾಕ್ರಿ? ಕಂಡದ್ದು ಕಂಡಂಗ ಹೇಳೀನಿ."

"ಪದ್ಧತಿ ಐತೆಲ್ರಿ."

"ನಾ ನಂಬಂಗಿಲ್ಲ ಅಂತ ನಿಮಗ ಗೊತ್ತೈತಿ. ನಂಬದ ದೀಪದ ಮ್ಯಾಲೆ ಕೈ ಇಟ್ರ ಅದು ಸುಳ್ಳು ಆಣಿ ಆಗತೈತಿ. ಖರೇ ಹೇಳಾಕ ಸುಳ್ಳು ಆಣಿ ಮಾಡ್ಲೇನು?"

ಮಾತು ಸರಿಯಾಗಿಯೇ ಇದೆ, ನಾನು ಇಲ್ಲ ಎನ್ನುವುದಿಲ್ಲ. ಆದರೆ ಸಾವ್ಕಾರನಿಗೆ ಕಿವಿ ಕಾದ ಹಾಗಾಯಿತು. ಇಪ್ಪತ್ತು ವರ್ಷ ಕಟ್ಟೆಯ ಮೇಲೆ ಆಡಿದ ಮಾತನ್ನು ಇವತ್ತು ಗುಡಿಯ ಒಳಗೆ, ಹಿರಿಯರೆಲ್ಲರ ಎದುರಿಗೆ ಆಡುತ್ತಿದ್ದಾನೆ. ಇವತ್ತು ಬಿಟ್ಟರೆ ಇವನು ತಲೆಯ ಮೇಲೆ ಕೂರುತ್ತಾನೆ ಅನ್ನಿಸಿತು.

"ದ್ಯಾವರ ಅಂಜಿಕಿ ಇಲ್ಲದಾಂವ ಖರೇ ಹೇಳ್ತಾನಂತ ಹೆಂಗ ನಂಬೂದ್ರಿ?"

"ಅಂಜಿಕಿಗೆ ಖರೇ ಹೇಳಾಂವ ಅಂಜಿಕಿ ಹೋದ ದಿನ ಏನು ಹೇಳ್ತಾನ್ರಿ?"

ಶುರುವಾಯಿತು! ದೇವರಿಲ್ಲದಿದ್ದರೆ ಲೋಕ ಹೇಗೆ ನಡೆಯುತ್ತದೆ? ದೇವರಿದ್ದರೆ ತನ್ನ ತಂಬಿಗೆ ತಾನೇ ಯಾಕೆ ಕಾಯಲಿಲ್ಲ? ಪಾಪ ಯಾವುದು, ಪುಣ್ಯ ಯಾವುದು, ಮನುಷ್ಯ ಎಲ್ಲಿಂದ ಬಂದ? ಜನ ಎರಡು ಗುಂಪಾಗಿ ಚಪ್ಪಾಳೆ ತಟ್ಟಿದರು. ಹೊರಗಿನಿಂದ ಎರಡು ಸಲ ಚಹಾ ಬಂತು. ಬಾಳವ್ವ ಬೆಳಗಿನಿಂದ ಕಂಬದ ಬುಡದಲ್ಲಿ ಕೂತಿದ್ದಳು. ಅವಳಿಗೆ ಚಹಾ ಕೊಟ್ಟರೇ? ಯಾರು ಕೊಡುತ್ತಾರೆ ಹೇಳಿ? ಸೃಷ್ಟಿಯ ಮೂಲ ಹುಡುಕುವವರಿಗೆ ಕಂಬದ ಬುಡ ಕಾಣುತ್ತದೆಯೇ?

ಕತ್ತಲಾಗುವ ಹೊತ್ತಿಗೆ ಅವಳೇ ಎದ್ದು ಕೇಳಿದಳು. "ಯಪ್ಪಾ, ನಂದು ಏನಾತ್ರಿ?"

"ನಾಳೆ ನೋಡೂಣು ತಡಿ" ಎಂದ ಸಾವ್ಕಾರ.

ನಾಳೆಯೂ ಅದೇ, ನಾಡಿದ್ದೂ ಅದೇ. ಮೂರು ದಿನ! ಪಕ್ಕದ ಊರಿನವರು ಬುತ್ತಿ ಕಟ್ಟಿಕೊಂಡು ವಾದ ಕೇಳಲು ಬಂದರು. ಮೂರನೆಯ ದಿನ ಸಾವ್ಕಾರ ಊಟಕ್ಕೆ ಕೂತ. ತಾಟಿನಲ್ಲಿ ಬರೀ ಅನ್ನ.

"ರೊಟ್ಟಿ ಎಲ್ಲಿ?" ಎಂದ ಹೆಂಡತಿಗೆ.

"ರೊಟ್ಟಿ ಮಾಡಾಕಿ ಮೂರು ದಿನದಿಂದ ನಿಮ್ಮ ಮುಂದಽ ಕುಂತಾಳಲ್ರಿ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆಕಿ ಕದ್ದಾಳೇನು?"

"ಛೆ, ಆಕಿ ಯಾಕ ಕದೀತಾಳ."

"ಮತ್ತ ಮಾಸ್ತರ ಸುಳ್ಳು ಹೇಳ್ಯಾನೇನು?"

"ಅಂವ ಸುಳ್ಳು ಹೇಳಾಂವ ಅಲ್ಲ ಬಿಡು. ನಾವು ಕಾಶಿಗೆ ಹೋದಾಗ ಮನಿ ಕೀಲಿ ಅವನ ಕೈಯಾಗನಽ ಕೊಟ್ಟು ಹೋಗಿರಲಿಲ್ಲೇನು?"

ಕೇಳಿದಿರಾ? ಕಾಶಿಗೆ ಹೋಗುವಾಗ ಮನೆಯ ಕೀಲಿಯನ್ನು ಯಾವ ಭಕ್ತನಿಗೂ ಕೊಡಲಿಲ್ಲ ಈ ಪುಣ್ಯಾತ್ಮ. ದೇವರಿಲ್ಲ ಎನ್ನುವವನಿಗೆ ಕೊಟ್ಟು ಹೋಗಿದ್ದ. ಹೆಂಡತಿ ಬಡಿಸುವುದನ್ನು ನಿಲ್ಲಿಸಿದಳು.

"ಆಕಿ ಕದ್ದಿಲ್ಲ, ಅಂವ ಸುಳ್ಳು ಹೇಳಿಲ್ಲ. ಎರಡೂ ನಿಮಗ ಗೊತ್ತೈತಿ. ಹಂಗಾರ ಅಂವ ದೀಪ ಮುಟ್ಟಂಗಿಲ್ಲಂದ್ರ ನೀವು ಮುಟ್ರಿ. ಮಾಸ್ತರನ ಮಾತಿಗೆ ನಾ ಜವಾಬ್ದಾರಿ ಅನ್ರಿ. ನಿಮ್ಮ ಮಾತು ಯಾರು ತಗದ ಹಾಕ್ತಾರ?"

"ಏ, ನಾ ಮುಟ್ಟಿದ್ರ ಮಾಸ್ತರ ಗೆದ್ದಂಗ ಆಗತೈತೆಲ್ಲ!"

ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಸಾವ್ಕಾರನಿಗೆ ತನ್ನ ಕಿವಿಗೇ ಅದು ಕೆಟ್ಟದಾಗಿ ಕೇಳಿಸಿತು. ಹೆಂಡತಿ ಅನ್ನದ ಪಾತ್ರೆ ಅಲ್ಲೇ ಇಟ್ಟು ಒಳಗೆ ಹೋದಳು. ನಾಳೆ ಏನಾದರೂ ಮಾಡೋಣ ಎಂದು ಅವನು ಮನಸ್ಸಿನಲ್ಲೇ ಸಮಾಧಾನ ಹೇಳಿಕೊಂಡು ಕೈ ತೊಳೆದ.

ಆ ನಾಳೆ ಬರುವಷ್ಟರಲ್ಲಿ ಬಾಳವ್ವ ಹೋಗಿಬಿಟ್ಟಿದ್ದಳು. ಬೆಳಗಿನ ಮೊದಲ ಬಸ್ಸಿಗೆ, ಒಂದು ಗಂಟು ಎತ್ತಿಕೊಂಡು, ಅಕ್ಕನ ಊರಿಗೆ. ಊರ ಜನ ಏನೆಂದರು? "ನೋಡ್ರಿ, ಕದ್ದಿದ್ದಕ್ಕಽ ಓಡಿ ಹೋದಳು."

ಅದಾದ ಎರಡು ದಿನಕ್ಕೆ ಪೂಜಾರಿ ಮದುವೆ ಮುಗಿಸಿಕೊಂಡು ಬಂದ. ಕೈಯಲ್ಲಿ ಬೆಳ್ಳಿ ತಂಬಿಗೆ! ತಳ ಸೋರುತ್ತಿತ್ತಂತೆ. ಹೋಗುವ ದಿನ ಮಧ್ಯಾಹ್ನವೇ ತೆಗೆದುಕೊಂಡು ಹೋಗಿ ಪೇಟೆಯ ಪತ್ತಾರನ ಹತ್ತಿರ ಬೆಸುಗೆ ಹಾಕಿಸಲು ಕೊಟ್ಟಿದ್ದನಂತೆ. ಹೇಳುವುದು ಮರೆತನಂತೆ. ಆಗ ಈಗಿನ ಹಾಗೆ ಕೈಕೈಗೆ ಫೋನ್ ಇರಲಿಲ್ಲ. ಆದರೂ ಒಬ್ಬನಾದರೂ ಪೂಜಾರಿಯನ್ನು ಕೇಳಿ ಬರೋಣ ಎಂದನೇ? ಅದಕ್ಕೆ ಪುರುಸೊತ್ತು ಎಲ್ಲಿತ್ತು? ಎಲ್ಲರೂ ದೇವರನ್ನು ಹುಡುಕುತ್ತಿದ್ದರು!

ಅದಾದ ಮೇಲಾದರೂ ಬುದ್ಧಿ ಬಂತು ಅಂದುಕೊಂಡಿರೇನು? ಸಾವ್ಕಾರ ತಂಬಿಗೆ ಕಣ್ಣಿಗೊತ್ತಿಕೊಂಡು, "ಕಂಡ್ರೇನ್ರಿ ಮಾಸ್ತರ, ದ್ಯಾವರು ಖರೇ ತೋರಿಸಿದ!" ಎಂದ. ಮಾಸ್ತರ, "ಖರೇ ತೋರಿಸಿದಾಂವ ಪತ್ತಾರ್ರಿ" ಎಂದ. ಮತ್ತೆ ಶುರು! ಆಗ ಸಾವ್ಕಾರನ ಹೆಂಡತಿ, ಅಷ್ಟು ಗಂಡಸರ ನಡುವೆ ಎಂದೂ ಬಾಯಿ ತೆರೆಯದವಳು, ಗುಡಿಯ ಮೆಟ್ಟಿಲ ಮೇಲೆ ನಿಂತು ಕೂಗಿದಳು. "ನಿಮ್ಮ ಬಾಯಿಗಿಷ್ಟು ಬೆಂಕಿ ಹಾಕ! ಬಾಳವ್ವಗ ಯಾರರ ಹೇಳೀರೇನು?"

ಯಾರೂ ಹೇಳಿರಲಿಲ್ಲ. ಸಾವ್ಕಾರ ಅವತ್ತೇ ಬಸ್ಸು ಹತ್ತಿದ. ಅಕ್ಕನ ಊರಲ್ಲಿ ಯಾರದೋ ಮನೆಯ ಒಲೆಯ ಮುಂದೆ ಬಾಳವ್ವ ರೊಟ್ಟಿ ಬಡಿಯುತ್ತಿದ್ದಳು. ಅವನು ಹೊಸ್ತಿಲ ಹೊರಗೇ ನಿಂತು ಎಲ್ಲ ಹೇಳಿದ. "ತಂಬಿಗಿ ಸಿಕ್ಕೈತಿ ಬಾಳವ್ವ. ಇನ್ನ ನಿನ್ನ ಮ್ಯಾಲೆ ಏನೂ ಇಲ್ಲ. ಬಾ, ಊರಿಗೆ ಹೋಗೂಣು."

ಬಾಳವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ತಂಬಿಗಿ ಸಿಗದಿದ್ರ ಬರ್ತಿದ್ರೇನ್ರಿ ಸಾವ್ಕಾರ್ರ?"

ಸಾವ್ಕಾರ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ.

"ನಾ ಕದ್ದಿಲ್ಲಂತ ನಿಮಗ ಗೊತ್ತಿತ್ತೇನ್ರಿ?"

ಇಲ್ಲ ಎನ್ನಬಹುದಿತ್ತು ಅವನು. ಇಲ್ಲ ಎಂದಿದ್ದರೆ ಅವಳಿಗೂ ಒಂದಿಷ್ಟು ಸಮಾಧಾನ ಆಗುತ್ತಿತ್ತೇನೋ. ಆದರೆ ಪೂಜೆ ಮಾಡಿ ಬಂದ ಬಾಯಿ, ಸುಳ್ಳು ಬರಲಿಲ್ಲ. "ಗೊತ್ತಿತ್ತವ್ವ" ಎಂದ.

"ಮಾಸ್ತರಗೂ ಗೊತ್ತಿತ್ತು. ನಿಮಗೂ ಗೊತ್ತಿತ್ತು. ಗೊತ್ತಿಲ್ಲದವರು ಕಳ್ಳಿ ಅಂದ್ರ ತಡಕೊಂಡೇನು ಯಪ್ಪಾ. ಗೊತ್ತಿದ್ದವರು ಸುಮ್ಮ ಕುಂತ ಊರಿಗೆ ನಾ ಹೆಂಗ ಬರ್ಲಿ?" ಎಂದು ಒಂದು ಬಿಸಿ ರೊಟ್ಟಿ ತಾಟಿನಲ್ಲಿ ಹಾಕಿ ಅವನ ಮುಂದೆ ಸರಿಸಿದಳು. "ದೂರದಿಂದ ಬಂದೀರಿ. ಉಂಡು ಹೋಗ್ರಿ." ಸಾವ್ಕಾರ ರೊಟ್ಟಿ ಮುರಿದ. ಮುರಿದದ್ದನ್ನು ತಾಟಿನಲ್ಲೇ ಬಿಟ್ಟ. ಒಬ್ಬನೇ ಊರಿಗೆ ಬಂದ.

ಕಥೆ ಇಷ್ಟೇ. ಈಗ ನೀವು ಕೇಳುತ್ತೀರಿ, ಗೊತ್ತು ನನಗೆ. ಹಾಗಾದರೆ ಸ್ವಾಮಿಗಳೇ, ದೇವರು ಇದ್ದಾನೋ ಇಲ್ಲವೋ? ಅಯ್ಯೋ ನಿಮ್ಮ! ಇದ್ದಾನೆ. ನಾನು ಕಾವಿ ಉಟ್ಟು ಇಲ್ಲಿ ಕೂತಿದ್ದೇನಲ್ಲ, ಇಲ್ಲ ಎನ್ನುತ್ತೇನೆಯೇ? ಆದರೆ ಆ ಮೂರು ದಿನ ಅವನನ್ನು ಮಾತಾಡಿಸಬೇಕಿದ್ದರೆ ಕಂಬದ ಬುಡಕ್ಕೆ ಒಂದು ಲೋಟ ನೀರು ಒಯ್ಯಬೇಕಿತ್ತು, ಅಷ್ಟೇ. ಹಿಂದೆ ಗೋಡೆಗೆ ಒರಗಿ ನಿಂತು ನಗುತ್ತಿದ್ದೀರಲ್ಲ, ದೇವರಿಲ್ಲ ಎನ್ನುವ ಬುದ್ಧಿವಂತರು, ನಿಮಗೂ ಹೇಳುತ್ತೇನೆ. ಮಾಸ್ತರ ಸುಳ್ಳು ಆಡಲಿಲ್ಲ, ಒಪ್ಪಿದೆ. ಹಿರಿಯರು ಕೇಳದಿದ್ದರೆ ಬಾಳವ್ವನ ಕೈ ಹಿಡಿದು ರೊಟ್ಟಿಯ ಮೂರು ಮನೆಗೂ ಹೋಗಿ, ಈಕೆ ಕದ್ದಿಲ್ಲ, ನಾನು ಕಂಡಿದ್ದೇನೆ ಎಂದು ಹೇಳಲು ಅವನಿಗೆ ಯಾವ ದೀಪ ಅಡ್ಡ ಬಂದಿತ್ತು? ಅದಕ್ಕೆ ದೇವರು ಬೇಕಿತ್ತೇ? ಕಾಲು ಬೇಕಿತ್ತು!

ನೀವು ಮಾಡಬೇಕಾದದ್ದು ದೊಡ್ಡದೇನಲ್ಲ. ಮನೆಯಲ್ಲಿ ಕಿವಿಯೋಲೆ ಕಾಣದಾದಾಗ ಪಾತ್ರೆ ತಿಕ್ಕುವವಳ ಕಡೆ ಕಣ್ಣು ಹೋಗುತ್ತದಲ್ಲ, ಅವಳು ಅಂಥವಳಲ್ಲ ಎಂದು ನಿಮಗೆ ಗೊತ್ತಿರುತ್ತದಲ್ಲ, ಆಗಲೇ ಬಾಯಿ ಬಿಡಿ. ಆಕೆಯನ್ನು ಬೈದ ಜನರ ಎದುರಿಗೇ ಹೇಳಿ. ಆಮೇಲೆ ಓಲೆ ಹಾಸಿಗೆಯಲ್ಲಿ ಸಿಕ್ಕಾಗ ಹೇಳುವುದಲ್ಲ. ಖರೇ ಮಾತು ಆಡಿದವನ ಹಣೆ ನೋಡಬೇಡಿ, ವಿಭೂತಿ ಇದೆಯೋ, ನಾಮ ಇದೆಯೋ, ಬರಿದಾಗಿದೆಯೋ ಅಂತ. ತಲೆ ಆಡಿಸುತ್ತಿದ್ದೀರಿ. ಬಹಳ ಚೆನ್ನಾಗಿ ಆಡಿಸುತ್ತೀರಿ ತಲೆ.

ಹಾಗಾದರೆ ಇದನ್ನು ಹೇಳಿ. ಮೊನ್ನೆ ಸೋಮವಾರ ಈ ಮಠದ ಬಾಗಿಲಲ್ಲಿ ಒಂದು ಜೊತೆ ಹೊಸ ಚಪ್ಪಲಿ ಕಳೆದವು. ಚಪ್ಪಲಿ ಕಾಯುವ ಮಾಬೂಬಿಯ ಮೇಲೆ ಹಾಕಿದಿರಿ. ಮೂರು ದಿನವಾಯಿತು, ಆಕೆ ಬಂದಿಲ್ಲ. ಆಕೆ ಕದಿಯುವವಳಲ್ಲ ಎಂದು ಇಲ್ಲಿ ಯಾರಿಗೆ ಗೊತ್ತು? ಕೈ ಎತ್ತಿ. ಅಂಜಬೇಡಿ, ಎತ್ತಿ.

ನೋಡಿ, ನೋಡಿ! ಎಷ್ಟು ಕೈ! ಇಷ್ಟು ಜನಕ್ಕೆ ಗೊತ್ತಿತ್ತು. ನನ್ನ ಕೈಯೂ ಇದೆ ನೋಡಿ ಅದರಲ್ಲಿ. ಹನ್ನೆರಡು ವರ್ಷದಿಂದ ಆಕೆಯನ್ನು ಬಲ್ಲವನು ನಾನು, ಮೂರು ದಿನ ಈ ಗದ್ದುಗೆಯ ಮೇಲೆ ಕೂತು ನಿಮಗೆ ಧರ್ಮ ಹೇಳಿದೆ. ನಾಚಿಕೆ ಆಗುತ್ತಿದೆ ನನಗೆ.

ಗಂಟೆ ಬಾರಿಸಬೇಡಪ್ಪಾ, ಇಡು ಅದನ್ನು ಕೆಳಗೆ. ಮಂಗಳಾರತಿ ಆಮೇಲೆ. ಎಲ್ಲರೂ ಏಳಿ. ಆಕೆಯ ಮನೆ ಕೆರೆಯ ಆಚೆ ಓಣಿಯಲ್ಲಿದೆ, ನಾನೂ ಬರುತ್ತೇನೆ, ನಡೆಯಿರಿ.